ಇಪ್ಪತ್ತೆಂಟನೆಯ ದಿನ

ನವೆಂಬರ್ ಬಂತೆಂದರೆ ಪಿಂಚಣಿದಾರರೆಲ್ಲ ಬ್ಯಾಂಕಿಗೆ ಹೋಗಿ, ತಾವಿನ್ನೂ ಬದುಕಿದ್ದೇವೆಂದು ಮುಖ ತೋರಿಸಿ ಬರುತ್ತಾರೆ. ನಾನು ಎರಡು ಕಡೆ ಹೋಗಬೇಕು. ಒಂದು ಬ್ಯಾಂಕು, ಇನ್ನೊಂದು ನಾನು ಓದಿದ ಇಂಜಿನಿಯರಿಂಗ್ ಕಾಲೇಜು. ಬ್ಯಾಂಕಿನಲ್ಲಿ ಜೀವಕ್ಕೆ ಪ್ರಮಾಣ ಕೊಡಬೇಕು, ಕಾಲೇಜಿನಲ್ಲಿ ದನಿಗೆ.

ದನಿ ಎಂದರೆ ಈಗಿನದಲ್ಲ, ಇಪ್ಪತ್ತೊಂದು ವರ್ಷದವಳಿದ್ದಾಗಿನದು.

ಮೊದಲು ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ನಾಲ್ವರ ತಂಡ. ಒಬ್ಬರು ದುಡಿಯುವುದು, ಇಬ್ಬರು ಚಹಾ ತರುವುದು, ಇನ್ನೊಬ್ಬರು ವೈವಾ ದಿನ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುವುದು. ಈ ಅನ್ಯಾಯ ನೋಡಿ ನೋಡಿ ಸಾಕಾಗಿ ವಿಶ್ವವಿದ್ಯಾಲಯ ತಂಡಗಳನ್ನೇ ತೆಗೆದುಹಾಕಿತು. ಈಗ ಒಬ್ಬರಿಗೆ ಒಂದು ಪ್ರಾಜೆಕ್ಟ್, ಜೊತೆಗೊಂದು ‘ಸಂಗಾತಿ’. ಅರವತ್ತು ವರ್ಷಗಳ ಪ್ರಾಜೆಕ್ಟ್ ಡೈರಿ, ವರದಿ, ವೈವಾ ಧ್ವನಿಮುದ್ರಣ ಎಲ್ಲವನ್ನೂ ಒಂದು ಯಂತ್ರಕ್ಕೆ ಉಣಿಸಿದ್ದಾರೆ. ಹೊಸ ವಿದ್ಯಾರ್ಥಿ ಆರಿಸಿಕೊಂಡ ವಿಷಯಕ್ಕೆ ಹತ್ತಿರದ ಕೆಲಸವನ್ನು ಹಿಂದೆ ಯಾರು ಮಾಡಿದ್ದರೋ, ಅವರ ಬರಹ ಮತ್ತು ದನಿಯಿಂದ ಯಂತ್ರ ಒಬ್ಬ ಸಂಗಾತಿಯನ್ನು ಕಟ್ಟಿಕೊಡುತ್ತದೆ. ಸಂಗಾತಿ ವಾರವಾರದ ಕೆಲಸ ಹಂಚುತ್ತದೆ, ತಪ್ಪು ತಿದ್ದುತ್ತದೆ, ಪ್ರತಿ ಸೋಮವಾರ ಈ ಪ್ರಾಜೆಕ್ಟ್ ದಡ ಸೇರುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಗೋಡೆಯ ಮೇಲೆ ತೋರಿಸುತ್ತದೆ. ಆ ಅಂಕಿ ಹದಿನೈದಕ್ಕಿಂತ ಕೆಳಗಿಳಿದರೆ ಶುಕ್ರವಾರದ ಪರಿಶೀಲನೆಯಲ್ಲಿ ವಿಷಯವನ್ನೇ ಮುಚ್ಚಿ, ಯಂತ್ರ ಕೊಟ್ಟ ಬೇರೆ ವಿಷಯವನ್ನು ವಿದ್ಯಾರ್ಥಿಯ ಕೈಗಿಡುತ್ತಾರೆ. ಸಂಗಾತಿ ಬಂದ ಆರು ವರ್ಷದಲ್ಲಿ ಕಾಲೇಜಿನಲ್ಲಿ ಒಬ್ಬರೂ ಫೇಲಾಗಿಲ್ಲ.

ದನಿಯ ಒಡೆಯರು ಬದುಕಿದ್ದರೆ ವರ್ಷಕ್ಕೊಮ್ಮೆ ಬಂದು ಒಪ್ಪಿಗೆ ಕೊಡಬೇಕೆಂಬುದು ನಿಯಮ. ಐದು ವರ್ಷ ನಾನು ಸುಮ್ಮನೆ ಹೋಗಿ ಹೆಬ್ಬೆರಳೊತ್ತಿ ಬಂದಿದ್ದೆ. ನನ್ನ ದನಿ ಯಾರಿಗೂ ಬೇಕಾಗಿರಲಿಲ್ಲ. ಈ ಸಲ ಕಚೇರಿಯ ಗುಮಾಸ್ತ ಪರದೆ ನೋಡಿ ನಕ್ಕ.

“ಅಮ್ಮಾರ, ಈ ವರ್ಷ ನಿಮಗ ಕೆಲಸ ಸಿಕ್ಕೈತ್ರಿ. ಕಾಂಕ್ರೀಟ್ ಲ್ಯಾಬಿನ್ಯಾಗ ಒಬ್ಬಾಕಿ ಹುಡುಗಿಗೆ ನೀವು ಸಂಗಾತಿ. ಬೇಕಂದ್ರ ಹೋಗಿ ನೋಡಿ ಬರ್ರಿ.”

ಹೋಗಬಾರದು ಎಂದುಕೊಂಡೇ ಹೋದೆ.

ಲ್ಯಾಬಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಇಬ್ಬರು ಹುಡುಗಿಯರು ಮಾತಾಡುತ್ತಿರುವಂತೆ ಕೇಳಿಸಿತು. ಒಂದು ದನಿ ನನ್ನದು. ಅದು ಅಷ್ಟು ಗಟ್ಟಿಯಾಗಿತ್ತು, ಅಷ್ಟು ಅನುಮಾನವಿಲ್ಲದೆ ಮಾತಾಡುತ್ತಿತ್ತು ಎನ್ನುವುದೇ ನನಗೆ ಮರೆತುಹೋಗಿತ್ತು.

“ನಿನಗ ಏಳು ದಿನಕ್ಕ ನೂರಾ ಎಪ್ಪತ್ತು ಬಂದೈತಿ ದಾನಿ. ನಮಗ ನೂರಾ ಅರವತ್ತಾರು ಬಂದಿತ್ತು. ಇಪ್ಪತ್ತೆಂಟು ದಿನಕ್ಕ ಇನ್ನೂರಾ ನಲವತ್ತೊಂಬತ್ತು. ಬೇಕಾಗಿರೋದು ನಾನೂರಾ ಐವತ್ತು. ಬಿಟ್ಟುಬಿಡು.”

“ಅಕ್ಕಾ, ನೀ ಖರೇನ ಕಣ್ಣಲೆ ನೋಡಿದ್ದೇನು?”

“ಡೈರ್ಯಾಗ ಬರದೀನಿ.”

ನನ್ನ ನೆರಳು ನೋಡಿ ಹುಡುಗಿ ತಿರುಗಿದಳು. ತೆಳ್ಳನೆಯ ಹುಡುಗಿ, ಮೊಣಕೈವರೆಗೆ ಬೂದಿ. ಯಾರು ಬೇಕೆಂದು ಕೇಳಿದಳು. ನನಗೆ ಬಾಯಿ ಒಣಗಿತ್ತು. “ಯಾರೂ ಬ್ಯಾಡವಾ. ಸ್ವಲ್ಪ ನೀರು ಸಿಕ್ಕರ ಸಾಕು” ಎಂದೆ. ಅವಳು ಕೈ ತೊಳೆದುಕೊಂಡು ಹಿಂದಿನ ಜಗಲಿಗೆ ಹೋದಳು. ಅಲ್ಲಿ ಮೂರು ಕಲ್ಲಿನ ಮೇಲೆ ಅಟೆಂಡರ್ ಲಾಲಸಾಬ ಇಟ್ಟ ಮಣ್ಣಿನ ಹರವಿ. ಲೋಟವನ್ನು ಎರಡು ಸಲ ತೊಳೆದು ನೀರು ತಂದು, ನಾನು ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ನಿಂತಳು. ಮುದುಕರ ಕೈ ನಡುಗುತ್ತದೆಂದು ಗೊತ್ತಿದ್ದವಳಂತೆ ಲೋಟದ ಕೆಳಗೆ ಒಂದು ಬೆರಳಿಟ್ಟಿದ್ದಳು.

ಅವಳ ಹೆಸರು ದಾನೇಶ್ವರಿ. ಸಿಂದಗಿ ಕಡೆಯವಳು. ಏನು ಮಾಡುತ್ತಿದ್ದೀ ಎಂದು ಕೇಳಿದೆ, ಗೊತ್ತಿಲ್ಲದವಳ ಹಾಗೆ.

“ಜ್ವಾಳ ಕೊಯ್ದ ಮ್ಯಾಲ ಹೊಲದಾಗ ಉಳಿಯೋ ಕೂಳಿ ಸುಟ್ಟ ಬೂದಿರಿ ಆಯಿ. ಸಿಮೆಂಟಿನ್ಯಾಗ ಒಂದು ಪಾಲು ಬೂದಿ ಹಾಕಿ ಕ್ಯೂಬ್ ಮಾಡೀನಿ. ನಮ್ಮೂರಾಗ ಕೂಳಿ ಸುಡೋ ದಿನ ಹೊಗಿ ತುಂಬಿ ಸಾಲಿ ಬಿಟ್ಟುಬಿಡ್ತಿದ್ರು. ಎಂಟನೇ ಕ್ಲಾಸಿನ್ಯಾಗ ಒಮ್ಮೆ ಸರ್‌ಗೆ ಕೇಳಿದ್ದೆ, ಈ ಬೂದಿ ಏನಾಗತೈತಿ ಅಂತ. ಗಾಳಿಗೆ ಹೋಗತೈತಿ ಕುಂದರು ಅಂದ್ರು.” ಅವಳು ನಕ್ಕಳು. “ಉಳಿದ ಪ್ರಶ್ನೆ ಎಲ್ಲಾ ಯಾರೋ ಕೊಟ್ಟಿದ್ದುರಿ. ಇದೊಂದೇ ನನ್ನದು.”

“ಅದಕ್ಕೇನಾತೀಗ?”

ಅವಳು ಗೋಡೆ ತೋರಿಸಿದಳು. ಅಲ್ಲಿ ‘9’ ಎಂಬ ಅಂಕಿ ಬೆಳಗುತ್ತಿತ್ತು.

“ಶುಕ್ರವಾರ ಮುಚ್ಚತಾರ್ರಿ. ಒಮ್ಮೆ ಮುಚ್ಚಿದ್ರ ಮುಂದ ಯಾರಿಗೂ ಈ ವಿಷಯ ಕೊಡಂಗಿಲ್ಲ.” ಆಮೇಲೆ ಸಂಗಾತಿ ಮಾತಾಡುವ ಧ್ವನಿಪೆಟ್ಟಿಗೆಯ ಕಡೆ ನೋಡಿ ದನಿ ತಗ್ಗಿಸಿದಳು. “ಅಕ್ಕ ಕೆಟ್ಟಾಕಿ ಅಲ್ರಿ. ಇದ್ದದ್ದು ಹೇಳತಾಳ. ಹಾಸ್ಟೆಲಿನ್ಯಾಗ ಎಲ್ಲಾರೂ ತಮ್ಮ ತಮ್ಮ ಸಂಗಾತಿ ಜೋಡಿನೇ ಮಾತಾಡತಾರ. ನನಗೂ ದಿನಾ ಮಾತಾಡಾಕ ಇರಾಕಿ ಇಕಿ ಒಬ್ಬಾಕಿನೇ.”

ನಾನು ಯಾರೆಂದು ಹೇಳಬೇಕಿತ್ತು. ಲೋಟ ಕೊಟ್ಟು, ಒಳ್ಳೆಯದಾಗಲಿ ಎಂದು ಹೇಳಿ ಬಂದುಬಿಟ್ಟೆ.

ಮನೆಗೆ ಬಂದವಳು ಒಂದೂವರೆ ರೊಟ್ಟಿಗಾಗುವಷ್ಟು ಹಿಟ್ಟು ನಾದಿದೆ. ಒಬ್ಬಳೇ ಇರುವುದು ನನಗೆ ಹೊಸದಲ್ಲ. ಎರಡು ಕೋಣೆಯ ಬಾಡಿಗೆ ಮನೆ, ಕೆಳಗಡೆ ಹಿಟ್ಟಿನ ಗಿರಣಿ. ಗಿರಣಿ ನಿಂತ ಮೇಲೆ ಮನೆ ಬಹಳ ದೊಡ್ಡದೆನಿಸುತ್ತದೆ. ಗಿರಣಿಯವನಿಗೆ ಅದು ತಿಳಿದಿರಬೇಕು. ಬಾಗಿಲು ಹಾಕುವಾಗ ಮೇಲೆ ನೋಡಿ “ಹೋಗಿ ಬರ್ತೀನ್ರಿ ಮೇಡಂ” ಎಂದು ದಿನವೂ ಕೂಗುತ್ತಾನೆ. ಅಂದು ಅವನಿಗೆ ಉತ್ತರ ಕೊಡುವುದನ್ನೂ ಮರೆತು ಕೂತಿದ್ದೆ.

ಕಾಂಕ್ರೀಟು ಗಟ್ಟಿಯಾಗುವುದಕ್ಕೆ ಕಾಲ ಬೇಕು. ಅಚ್ಚಿನಲ್ಲಿ ಎರಕ ಹೊಯ್ದು, ಮರುದಿನ ತೆಗೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುತ್ತಾರೆ. ಏಳನೆಯ ದಿನ ಮೂರು ಕ್ಯೂಬ್ ಒಡೆದು ನೋಡುತ್ತಾರೆ, ಇಪ್ಪತ್ತೆಂಟನೆಯ ದಿನ ಇನ್ನು ಮೂರು. ಒತ್ತುಯಂತ್ರದ ನಡುವೆ ಇಟ್ಟು ಭಾರ ಏರಿಸುತ್ತ ಹೋದರೆ ಎಷ್ಟು ಕಿಲೋನ್ಯೂಟನ್‌ಗೆ ಒಡೆಯುತ್ತದೋ ಅದೇ ಅದರ ಬಲ. ಇಪ್ಪತ್ತೆಂಟನೆಯ ದಿನದ ಅಂಕಿಯೇ ಕೊನೆಯ ಮಾತು.

ನಲವತ್ತೆಂಟು ವರ್ಷದ ಹಿಂದೆ ನಮ್ಮ ತಂಡ ಇದೇ ಕೂಳಿ ಬೂದಿಯ ಎರಕ ಹೊಯ್ದದ್ದೇ ತಡವಾಗಿ. ಜಾತ್ರೆಗೆ, ಮದುವೆಗೆ, ಕ್ರಿಕೆಟ್ಟಿಗೆ ಎಂದು ವಾರಗಳು ಜಾರಿದ್ದವು. ಏಳನೆಯ ದಿನದ ಪರೀಕ್ಷೆ ಮುಗಿದು ನಾಲ್ಕೇ ದಿನಕ್ಕೆ ವರದಿ ಒಪ್ಪಿಸಬೇಕಿತ್ತು. ಆಗ ನಮ್ಮ ಕಡೆ ಒಂದು ದಾರಿಯಿತ್ತು, ಎಲ್ಲರಿಗೂ ಗೊತ್ತಿದ್ದದ್ದು, ಯಾರೂ ಬಾಯಿಬಿಟ್ಟು ಹೇಳದ್ದು. ಏಳನೆಯ ದಿನದ ಅಂಕಿಯನ್ನು ಒಂದೂವರೆಯಿಂದ ಗುಣಿಸಿ, ಇಪ್ಪತ್ತೆಂಟನೆಯ ದಿನ ಪರೀಕ್ಷಿಸಿದ್ದೆಂದು ಬರೆಯುವುದು. ಸಾಮಾನ್ಯ ಸಿಮೆಂಟಿಗೆ ಅದು ಹೆಚ್ಚುಕಡಿಮೆ ಹೊಂದುತ್ತದೆ. ಬೂದಿ ಬೆರೆಸಿದ್ದಕ್ಕೆ ಹೊಂದುವುದಿಲ್ಲ. ಬೂದಿ ಮೊದಲು ಸುಮ್ಮನಿದ್ದು ನಿಧಾನವಾಗಿ ಕೆಲಸ ಮಾಡುತ್ತದೆ.

ಹಾಗೆಂದು ಹೇಳಿದ್ದು ಶಬಾನಾ. ನಮ್ಮ ನಾಲ್ವರಲ್ಲಿ ನಿಜವಾಗಿ ಓದಿದವಳು. “ಅಶೂ, ಇನ್ನೂ ಮೂರು ಕ್ಯೂಬ್ ನೀರಾಗ ಅದಾವಲ್ಲ. ತಡಾ ಆತು ಅಂತ ಹೇಳೋಣು. ಮಾರ್ಕ್ಸ್ ಕಡಿಮಿ ಕೊಟ್ರ ಕೊಡಲಿ” ಎಂದಳು. ತಂಡದ ಮುಖ್ಯಸ್ಥೆ ನಾನು. ನೂರಾ ಅರವತ್ತಾರನ್ನು ಗುಣಿಸಿ ಇನ್ನೂರಾ ನಲವತ್ತೊಂಬತ್ತು ಎಂದು ಬರೆದೆ. ಮಿಶ್ರಣ ವಿಫಲ ಎಂದು ತೀರ್ಮಾನಿಸಿದೆ. ವಿಫಲವೆಂದರೂ ಪಾಸು ಮಾಡುತ್ತಿದ್ದರು, ಅಪೂರ್ಣವೆಂದರೆ ಮಾಡುತ್ತಿರಲಿಲ್ಲ. ಶಬಾನಾ ಆ ಪುಟಕ್ಕೆ ಸಹಿ ಹಾಕಲಿಲ್ಲ. ಅವಳ ಸಹಿಯನ್ನೂ ನಾನೇ ಹಾಕಿದೆ.

ಅವಳು ಜಗಳವಾಡಲಿಲ್ಲ. ನನ್ನ ಜೊತೆ ಚಹಾ ಕುಡಿಯುವುದನ್ನು ನಿಲ್ಲಿಸಿದಳು, ಅಷ್ಟೆ. ಮುಂದೆ ನಾನು ಇಂಜಿನಿಯರಾಗಿ ಮೂವತ್ತನಾಲ್ಕು ವರ್ಷ ದುಡಿದೆ. ಇಪ್ಪತ್ತೆಂಟು ದಿನ ತುಂಬದೆ ಒಂದು ಕಾಗದಕ್ಕೂ ಸಹಿ ಹಾಕಲಿಲ್ಲ. ಗುತ್ತಿಗೆದಾರರು ನನಗೆ ‘ಇಪ್ಪತ್ತೆಂಟು ಮೇಡಂ’ ಎಂದು ಹೆಸರಿಟ್ಟಿದ್ದರು. ಅವರಿಗೆ ಕಾರಣ ಗೊತ್ತಿರಲಿಲ್ಲ. ಗೊತ್ತಿದ್ದವಳು ಮೂರು ವರ್ಷದ ಹಿಂದೆ ತೀರಿಕೊಂಡಳು. ಅವಳ ತಂಗಿ ಹೇಗೋ ನನ್ನ ನಂಬರು ಹುಡುಕಿ ಫೋನ್ ಮಾಡಿ, “ಅಕ್ಕ ನಿಮ್ಮ ಸುದ್ದಿ ಆಗಾಗ ಹೇಳತಿದ್ಲುರಿ” ಎಂದಳು. ಏನು ಹೇಳುತ್ತಿದ್ದಳೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಪರಿಶೀಲನಾ ಕೋಣೆಗೆ ಹೋದೆ. ಗೋಡೆಯ ತುಂಬ ಪರದೆಗಳು, ಒಂದೊಂದು ಪರದೆಯಲ್ಲೂ ಒಬ್ಬೊಬ್ಬ ವಿದ್ಯಾರ್ಥಿಯ ಹೆಸರು, ವಾರದ ಪಟ್ಟಿ, ಅಂಕಿ. ತೊಂಬತ್ತೆರಡು, ಎಂಬತ್ತೆಂಟು, ತೊಂಬತ್ತೈದು. ಮೂಲೆಯಲ್ಲಿ ಒಂದೇ ಒಂದು ಒಂಬತ್ತು. ಅದರ ಕೆಳಗೆ ದಾನೇಶ್ವರಿ, ಅವಳ ಪಕ್ಕದಲ್ಲಿ ಅವಳ ಮಾರ್ಗದರ್ಶಕರಾದ ಕೊಣ್ಣೂರ ಸರ್. ನನ್ನ ಮಗನಾಗಬಹುದಾದ ವಯಸ್ಸು.

“ನೀರಿಗೆ ಬಂದಿದ್ದ ಆಯಿ” ಎಂದಳು ದಾನಿ, ಆಶ್ಚರ್ಯದಿಂದ.

“ಆಯಿ ಅಲ್ಲವಾ. ನಾನು ಅಶ್ವಿನಿ ಬೆಳ್ಳುಬ್ಬಿ. ನಿನ್ನ ಸಂಗಾತಿ.”

ನಿಂತೇ ಎಲ್ಲ ಹೇಳಿದೆ. ಕೊಣ್ಣೂರ ಸರ್ ಬೈಯಲಿಲ್ಲ. ಮೊದಲು ತಮ್ಮ ಕುರ್ಚಿಯನ್ನು ನನ್ನ ಹಿಂದೆ ತಂದಿಟ್ಟರು.

“ಮೇಡಂ, ನೀವು ಲಿಖಿತದಲ್ಲಿ ಕೊಟ್ರ ಅದು ಶಾಶ್ವತ ದಾಖಲಿ ಆಗತೈತಿ. ನಿಮ್ಮ ಡೈರಿ ಮ್ಯಾಲ ಸುಳ್ಳು ಅಂತ ಗುರುತು ಬೀಳತೈತಿ. ನಿಮ್ಮ ಹೆಸರು ಹುಡುಕಿದವರಿಗೆಲ್ಲಾ ಅದೇ ಮೊದಲು ಕಾಣಸ್ತೈತಿ.”

“ಬೀಳಲಿ ಸರ್.”

“ಸುಳ್ಳು ಡೈರಿಯಿಂದ ಕಟ್ಟಿದ ಸಂಗಾತಿನ ಅಳಸಬೇಕಾಗತೈತಿ. ಈ ವಿಷಯದ ಮ್ಯಾಲ ಬ್ಯಾರೆ ಡೈರಿ ಇಲ್ಲ. ಅಂದ್ರ ಇಕಿಗೆ ಇನ್ನೊಬ್ಬ ಸಂಗಾತಿ ಸಿಗಂಗಿಲ್ಲ.”

ದಾನಿ ತಲೆಯೆತ್ತಿದಳು. ಅವಳಿಗೆ ಸಂತೋಷವಾಗುತ್ತದೆ ಎಂದು ನಾನು ತಿಳಿದಿದ್ದೆ. “ಅಕಿ ಹೋಗತಾಳೇನ್ರಿ?” ಎಂದಳು.

ಕೊಣ್ಣೂರ ಸರ್ ಕಾಗದ, ಪೆನ್ನು ನನ್ನ ಮುಂದಿಟ್ಟರು. ನಾನು ಬರೆದುಕೊಟ್ಟೆ. ಅಳಿಸುವ ಮುನ್ನ ಕೊಣ್ಣೂರ ಸರ್ ಮೆಲ್ಲಗೆ, “ಏನಾದ್ರೂ ಕೇಳೋದಿದ್ರ ಕೇಳವಾ” ಎಂದರು.

ದಾನಿ ಪರದೆಯ ಕೆಳಗಿದ್ದ ಧ್ವನಿಪೆಟ್ಟಿಗೆಯ ಹತ್ತಿರ ಬಾಗಿದಳು. “ಅಕ್ಕಾ, ಯಾಕ ಸುಳ್ಳು ಬರದಿ?”

ನನ್ನ ಇಪ್ಪತ್ತೊಂದರ ದನಿ ಹೇಳಿತು: “ಅದು ಡೈರ್ಯಾಗ ಇಲ್ಲ ದಾನಿ.”

ಹುಡುಗಿ ನನ್ನ ಕಡೆ ತಿರುಗಿದಳು.

“ಅಂಜಿಕಿ ಆಗಿತ್ತವಾ” ಎಂದೆ. “ಖಾಲಿ ಪುಟ ತೋರಸಾಕ ಅಂಜಿಕಿ ಆಗಿತ್ತು.”

ಪರದೆಯ ಮೇಲಿನ ಒಂಬತ್ತು ಆರಿಹೋಯಿತು. ಅದರ ಜಾಗದಲ್ಲಿ ಒಂದು ಸಣ್ಣ ಗೆರೆ ಉಳಿಯಿತು. ಗೊತ್ತಿಲ್ಲ ಎಂದು ಹೇಳಲು ಯಂತ್ರಕ್ಕೆ ಅದೊಂದೇ ಗುರುತು. ಗೊತ್ತಿಲ್ಲದ್ದನ್ನು ಮುಚ್ಚುವ ನಿಯಮವಿರಲಿಲ್ಲ. ದಾನಿಯ ಪ್ರಶ್ನೆ ಉಳಿಯಿತು, ಆದರೆ ಅದರ ಜೊತೆ ಅವಳೊಬ್ಬಳೇ ಉಳಿದಳು.

ಬಾಗಿಲ ಬಳಿ ಚಹಾ ಹಿಡಿದು ನಿಂತಿದ್ದ ಲಾಲಸಾಬ ಎಲ್ಲ ಕೇಳಿಸಿಕೊಂಡಿದ್ದ. ಸರ್ ಮುಂದೆ ಮಾತಾಡಲೋ ಬೇಡವೋ ಎಂದು ನೋಡಿ, ಕಡೆಗೆ ಕೇಳಿದ.

“ಅಮ್ಮಾರ, ನಿಮ್ಮ ತಂಡದ ನಂಬರ್ ಏಳೇನ್ರಿ?”

ಹೌದೆಂದೆ.

“ಹಂಗಾದ್ರ ನಿಮ್ಮ ಆ ಮೂರು ಕ್ಯೂಬ್ ನನ್ನ ಹರವಿ ಕೆಳಗ ಅದಾವ್ರಿ.”

ಎಲ್ಲರೂ ಜಗಲಿಗೆ ಹೋದೆವು. ಅವನು ಹರವಿ ಇಳಿಸಿದ. ಸೋಮವಾರ ನೀರು ಕುಡಿದಾಗ ನಾನು ಕಲ್ಲೆಂದುಕೊಂಡದ್ದು ಕಲ್ಲಲ್ಲ. ಪಾಚಿ ಉಜ್ಜಿದಾಗ ಕೆಂಪು ಬಣ್ಣದ ಅಕ್ಷರ ಕಂಡವು. ‘ತಂಡ 7’. ಅದರ ಕೆಳಗೆ ನಮ್ಮ ಇಪ್ಪತ್ತೆಂಟನೆಯ ದಿನದ ತಾರೀಖು. ಅದರ ಕೆಳಗೆ, ಓರೆಯಾಗಿ: ‘ಒಡೀಬ್ಯಾಡ್ರಿ. ಬರ್ತಾರ.’

ಅಕ್ಷರ ನಮ್ಮ ಕಾಲದ ಅಟೆಂಡರ್ ಸಂಗಪ್ಪನದು. ನಾವು ವರದಿ ಒಪ್ಪಿಸಿ ಊರಿಗೆ ಹೋದ ಮೇಲೂ ಅವನು ತೊಟ್ಟಿಗೆ ನೀರು ಹಾಕುತ್ತ ಇಪ್ಪತ್ತೆಂಟನೆಯ ದಿನದವರೆಗೆ ಕಾದಿದ್ದಾನೆ. ನಾವು ಬರಲಿಲ್ಲ.

“ಸಂಗಪ್ಪ ನನಗಿಂತ ಮೊದಲಿದ್ದವಗ ಹೇಳಿದ್ನಂತ, ಅವ ನನಗ ಹೇಳಿದ” ಎಂದ ಲಾಲಸಾಬ. “ಈ ಮೂರು ಮಾತ್ರ ಕಸಕ್ಕ ಹಾಕಬ್ಯಾಡ ಅಂತ. ಯಾಕಂತ ಯಾರಿಗೂ ಗೊತ್ತಿಲ್ರಿ. ಅವು ಸುಮ್ಮ ಯಾಕಿರಬೇಕು ಅಂತ ನಾ ಮ್ಯಾಲ ಹರವಿ ಇಟ್ಟೆ.”

ಹರವಿ ಜಿನುಗುತ್ತದೆ. ಕೆಳಗಿದ್ದದ್ದು ವರ್ಷವೆಲ್ಲ ಹಸಿಯಾಗಿಯೇ ಇತ್ತು. ಹಸಿಯಿದ್ದಷ್ಟು ಕಾಲ ಕಾಂಕ್ರೀಟು ಗಟ್ಟಿಯಾಗುತ್ತಲೇ ಹೋಗುತ್ತದೆ.

ದಾನಿ ನನ್ನ ಮುಖ ನೋಡಿದಳು. ಒಡೆದರೆ ಸಂಗಪ್ಪನ ಅಕ್ಷರವೂ ಒಡೆಯುತ್ತದೆ. “ಬಂದೀವಲ್ಲವಾ” ಎಂದೆ. “ಒಡಿ.”

ಮೊದಲ ಕ್ಯೂಬನ್ನು ಒತ್ತುಯಂತ್ರದ ನಡುವೆ ಇಟ್ಟು ಭಾರ ಏರಿಸತೊಡಗಿದಳು. ನೂರಾ ಅರವತ್ತಾರು ದಾಟಿತು. ಇನ್ನೂರಾ ನಲವತ್ತೊಂಬತ್ತು ಬಂದಾಗ ನಾನು ಕಣ್ಣು ಮುಚ್ಚಿದೆ. ಒಡೆಯುವ ಸದ್ದು ಕೇಳಲಿಲ್ಲ. ಮುನ್ನೂರು, ನಾನೂರು. ಲಾಲಸಾಬ ತಾಯತ ಮುಟ್ಟಿಕೊಂಡ. ನಾನೂರಾ ಐವತ್ತು ದಾಟಿದಾಗಲೂ ಹುಡುಗಿ ಕೂಗಲಿಲ್ಲ, ಅಂಕಿಗಳನ್ನು ಓದುತ್ತಲೇ ಹೋದಳು. ಆರುನೂರಾ ಹನ್ನೆರಡಕ್ಕೆ ಕ್ಯೂಬು ಬಡಿಗೆ ಮುರಿದಂಥ ಸದ್ದು ಮಾಡಿ ಒಡೆಯಿತು. ಉಳಿದ ಎರಡೂ ಅದರ ಆಸುಪಾಸಿನಲ್ಲೇ ಒಡೆದವು.

ನನಗೆ ಶಬಾನಾಗೆ ಫೋನ್ ಮಾಡಬೇಕೆನಿಸಿತು. ಕೈ ಚೀಲದೊಳಕ್ಕೆ ಹೋಗಿಯೂ ಬಿಟ್ಟಿತ್ತು.

“ನಿನ್ನದು ಗೆದ್ದಂಗ ಆತಲ್ಲ!” ಎಂದ ಲಾಲಸಾಬ.

“ಇಲ್ಲ ಕಾಕಾ” ಎಂದಳು ದಾನಿ. “ಇದು ನಲವತ್ತೆಂಟು ವರ್ಷಕ್ಕ ಬಂದ ಉತ್ತರ. ಇಪ್ಪತ್ತೆಂಟು ದಿನದ್ದು ನಾ ಕಾದು ನೋಡಬೇಕು.”

ಆಗ ನನಗೆ ಅವಳ ಬಗ್ಗೆ ಇದ್ದ ಚಿಂತೆ ಹೋಯಿತು.

ಇನ್ನು ಹದಿನೇಳು ದಿನ ಉಳಿದಿದ್ದವು. ನಾನು ದಿನ ಬಿಟ್ಟು ದಿನ ಹೋಗತೊಡಗಿದೆ. ಭಾನುವಾರ ಲ್ಯಾಬಿಗೆ ರಜೆ ಎಂದು ಲಾಲಸಾಬ ಬೀಗದ ಕೈಯನ್ನೇ ನನಗೆ ಕೊಟ್ಟ. ತೊಟ್ಟಿಗೆ ನೀರು ಹಾಕುವುದು, ಎಣಿಸುವುದು, ಸುಮ್ಮನೆ ಕೂರುವುದು. ಸಂಗಾತಿಯಷ್ಟು ಚುರುಕಾಗಿ ನನಗೆ ಉತ್ತರ ಕೊಡಲು ಬರುತ್ತಿರಲಿಲ್ಲ. ದಾನಿ ಏನೋ ಕೇಳುವಳು, ಅಭ್ಯಾಸಬಲದಿಂದ ಧ್ವನಿಪೆಟ್ಟಿಗೆಯ ಕಡೆ ನೋಡುವಳು, ಆಮೇಲೆ ನನ್ನ ಕಡೆ. ನಾನು ಎಷ್ಟೋ ಸಲ “ನೆನಪಿಲ್ಲವಾ” ಎನ್ನುತ್ತಿದ್ದೆ. ಅವಳಿಗೆ ಬೇಕಾದದ್ದು ಆ ಹುಡುಗಿ. ನನಗೆ ಬೇಕಾದದ್ದು ಶಬಾನಾ. ನಾವಿಬ್ಬರೂ ಇನ್ನೊಬ್ಬರ ಜಾಗದಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. ಒಂದು ದಿನ ನಾನು ಹೋಗುವುದು ತಡವಾಯಿತು. ನೋಡಿದರೆ ನನ್ನ ಲೋಟದ ಮೇಲೆ ತಟ್ಟೆ ಮುಚ್ಚಿಟ್ಟಿದ್ದಳು, ಆರದಿರಲೆಂದು.

ಇಪ್ಪತ್ತೆಂಟನೆಯ ದಿನ ಸೋಮವಾರ. ಮೂರು ಕ್ಯೂಬು ತೆಗೆದು, ಬಟ್ಟೆಯಿಂದ ಒರೆಸಿ, ಒಂದೊಂದಾಗಿ ಇಟ್ಟಳು. ನಾನೂರಾ ಅರವತ್ತೆಂಟು. ನಾನೂರಾ ಮೂವತ್ತೊಂಬತ್ತು. ನಾನೂರಾ ಎಂಬತ್ತಾರು. ಮೂರನ್ನೂ ಕೂಡಿ ಮೂರರಿಂದ ಭಾಗಿಸಿದರೆ ನಾನೂರಾ ಅರವತ್ನಾಲ್ಕು ಚಿಲ್ಲರೆ. ಬೇಕಾದದ್ದಕ್ಕಿಂತ ಒಂದು ಹಿಡಿ ಹೆಚ್ಚು.

“ಅಕ್ಕಾ, ಆತು!” ಎಂದು ಅವಳು ಕೂಗಿದ್ದು ಧ್ವನಿಪೆಟ್ಟಿಗೆಯ ಕಡೆಗೆ. ಅದರಲ್ಲಿ ಯಾರೂ ಇರಲಿಲ್ಲ. ನಾನು ಕಿಟಕಿಯ ಹೊರಗೆ ನೋಡಿದೆ.

ಆಮೇಲೆ ಡೈರಿ ತೆಗೆದು ಮೂರೂ ಅಂಕಿ ಬರೆದಳು. ನಾನೂರಾ ಐವತ್ತು ಮುಟ್ಟದ ಆ ನಡುವಿನದನ್ನೂ ಹಾಗೆಯೇ ಬರೆದಳು. ಪುಟದ ಕೆಳಗೆ ಹಳೆಯ ಕಾಲದಂತೆಯೇ ‘ತಂಡದ ಸದಸ್ಯರ ಸಹಿ’ ಎಂದು ನಾಲ್ಕು ಸಾಲು ಅಚ್ಚಾಗಿರುತ್ತವೆ. ತಂಡಗಳು ಹೋದರೂ ಅಚ್ಚು ಯಾರೂ ಬದಲಿಸಿಲ್ಲ. ವಿದ್ಯಾರ್ಥಿಗಳು ಒಂದರಲ್ಲಿ ಸಹಿ ಹಾಕಿ ಮೂರಕ್ಕೆ ಗೆರೆ ಎಳೆಯುತ್ತಾರೆ. ದಾನಿ ತನ್ನ ಸಹಿ ಹಾಕಿ, ಗೆರೆ ಎಳೆಯದೆ, ಡೈರಿಯನ್ನು ನನ್ನ ಕಡೆ ಸರಿಸಿದಳು.

“ನಾನು ವಿದ್ಯಾರ್ಥಿ ಅಲ್ಲವಾ.”

“ನೀವು ಇದ್ರಿ ಇಲ್ಲೋ? ಇದ್ದವರು ಸಹಿ ಮಾಡಬೇಕ್ರಿ.”

ಎರಡನೆಯ ಸಾಲಿನಲ್ಲಿ ನನ್ನ ಹೆಸರು ಬರೆದೆ. ಪಕ್ಕದಲ್ಲಿ ಅಂದಿನ ತಾರೀಖು ಹಾಕಿದೆ. ಮೂರನೆಯ ಸಾಲು ಖಾಲಿಯಿತ್ತು. ಅಲ್ಲಿ ಬರಬೇಕಾದ ಸಹಿ ನನ್ನ ಕೈಗೆ ಈಗಲೂ ಬಾಯಿಪಾಠವಿದೆ, ‘ಶ’ದ ಕೊನೆಯ ಸುಳಿಯ ಸಮೇತ. ಪೆನ್ನು ಮುಚ್ಚಿ ಅವಳ ಕೈಗೆ ಕೊಟ್ಟುಬಿಟ್ಟೆ.